ಝಡ್ ಡ್ರೈವಿನಲ್ಲಿ ಅತ್ತೆಯ ಮುಖ

ಲುವಾ ಅಕ್ಕನನ್ನು ನಮ್ಮ ಓಣಿಯವರು ಹೊಟ್ಟೆಕಿಚ್ಚಿನ ಹೆಂಗಸು ಅನ್ನುತ್ತಾರೆ. ಅನ್ನುವವರಲ್ಲಿ ಅರ್ಧ ಜನ ಪಕ್ಕದ ಮನೆಗೆ ಹೊಸ ಸ್ಕೂಟರ್ ಬಂದರೆ ವಾರಗಟ್ಟಲೆ ಮಾತು ಬಿಡುವವರು. ಅವರ ಮಾತು ಹಾಗಿರಲಿ. ಅಕ್ಕನಿಗೆ ಹೊಟ್ಟೆಕಿಚ್ಚು ಇದ್ದದ್ದು ನಿಜ, ಅದಕ್ಕೆ ಕಾರಣ ಇದ್ದದ್ದೂ ನಿಜ. ಕಾರಣ ನನಗೆ ಗೊತ್ತು, ಏಕೆಂದರೆ ಅವಳ ಮನೆಯ ಕಂಪ್ಯೂಟರ್ ಕೆಟ್ಟಾಗಲೆಲ್ಲ ರಿಪೇರಿಗೆ ಹೋಗುವವನು ನಾನು. ಯಂತ್ರ ಬಿಚ್ಚಿ ಕೂತವನ ಎದುರು ಜನ ಮನಸ್ಸನ್ನೂ ಬಿಚ್ಚುತ್ತಾರೆ.

ನಾಮ್ ದಿನ್ ಪೇಟೆಯ ಹಳೆಯ ನೂಲಿನ ಗಿರಣಿಯ ಹಿಂದೆ ನ್ಯಾನ್ ಎಂಬ ಹೆಂಗಸಿನ ಫೋಟೋ ಅಂಗಡಿ ಇದೆ. ಅಲ್ಲಿ ಮದುವೆ ಫೋಟೋ, ಮಗುವಿನ ಫೋಟೋ ಯಾವುದೂ ಇಲ್ಲ. ತೀರಿಕೊಂಡ ಹಿರಿಯರಿಗೆ ಮನೆಯಲ್ಲಿ ಊದುಬತ್ತಿ ಹಚ್ಚುವ ಪೀಠದ ಮೇಲೆ ಇಡುವ ಫೋಟೋ ಮಾತ್ರ. ಜನ ಏನೇನೋ ಹಿಡಿದುಕೊಂಡು ಬರುತ್ತಾರೆ. ಗುರುತಿನ ಚೀಟಿಯ ಉಗುರಗಲದ ಚಿತ್ರ, ಯಾರದೋ ಮದುವೆಯಲ್ಲಿ ಹಿಂದಿನ ಸಾಲಿನಲ್ಲಿ ಅರ್ಧ ಮರೆಯಾದ ಮುಖ, ಆಸ್ಪತ್ರೆಯ ಹಾಸಿಗೆಯಲ್ಲಿ ಮೊಮ್ಮಗ ಫೋನಿನಲ್ಲಿ ತೆಗೆದದ್ದು. ಅದರಿಂದ ಪೀಠದ ಮೇಲೆ ಕೂರಲು ಯೋಗ್ಯವಾದ ಒಬ್ಬ ಮನುಷ್ಯ ಹೊರಡಬೇಕು. ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಮೈಮೇಲೆ ಮಖಮಲ್ಲಿನ ಆವ್ ಜಾಯ್ ಉದ್ದಂಗಿ ಇರಬೇಕು. ಅಂಗಿ ತೊಟ್ಟ ತಲೆಯಿಲ್ಲದ ಮೈಗಳು ಅಂಗಡಿಯಲ್ಲಿ ಮೊದಲೇ ತಯಾರಿರುತ್ತವೆ. ಕುತ್ತಿಗೆಯ ಬಳಿ ಗೆರೆ ಕಾಣದಂತೆ ಮುಖ ತಂದು ಕೂರಿಸುವುದನ್ನು ಯಾರು ಬೇಕಾದರೂ ಕಲಿಯಬಹುದು. ಮುಖ ತಿದ್ದುವುದೇ ಕಷ್ಟ. ಮನೆಯವರು ನೋಡಿದ ಕೂಡಲೇ ಇದು ನಮ್ಮಪ್ಪ ಅನ್ನಬೇಕು.

ಆ ಕೆಲಸದಲ್ಲಿ ಲುವಾ ಅಕ್ಕನನ್ನು ಸರಿಗಟ್ಟುವವರು ಇರಲಿಲ್ಲ. ಅವಳ ಅಪ್ಪ ದೀಪದ ಕಪ್ಪನ್ನು ಒಣ ಕುಂಚದಲ್ಲಿ ಹಚ್ಚಿ ಸತ್ತವರ ಚಿತ್ರ ಬರೆಯುತ್ತಿದ್ದವನು. ಮಗಳು ಕುಂಚ ಬಿಟ್ಟು ಮೌಸ್ ಹಿಡಿದಳು, ಅಷ್ಟೇ ವ್ಯತ್ಯಾಸ. ಎಷ್ಟೋ ವರ್ಷ ಅಂಗಡಿಯ ಮುಖಗಳೆಲ್ಲ ಅವಳ ಕೈಯವೇ.

ಆಮೇಲೆ ಎರಡು ಬದಲಾವಣೆ ಒಟ್ಟಿಗೇ ಬಂದವು. ಒಂದು, ಉಯೆನ್ ಎಂಬ ಹುಡುಗಿ. ಹನೋಯ್‌ನಲ್ಲಿ ಕಲಿತು ಬಂದವಳು, ಮಾತು ಮೆತ್ತಗೆ, ಕೈ ಚುರುಕು. ಇನ್ನೊಂದು, ಕ್ಲೌಡ್. ಅಂಗಡಿಯ ಯಂತ್ರ ಸತ್ತವರಿಂದ ತುಂಬಿ ತುಳುಕುತ್ತಿತ್ತು. ನ್ಯಾನ್ ಎಲ್ಲೋ ದೂರದ ಯಂತ್ರಗಳಲ್ಲಿ ಜಾಗ ಬಾಡಿಗೆಗೆ ಹಿಡಿದು, ಚಿತ್ರಗಳನ್ನೆಲ್ಲ ಅಲ್ಲಿಗೆ ಸಾಗಿಸಿ, ಇನ್ನು ಮೇಲೆ ನೀವಿಬ್ಬರೂ ಮನೆಯಲ್ಲೇ ಕೂತು ಕೆಲಸ ಮಾಡಿ ಅಂದಳು. ಅದನ್ನು ಅವರವರ ಮನೆಯ ಕಂಪ್ಯೂಟರಿಗೆ ಒಂದು ಡ್ರೈವಿನಂತೆ ಕಾಣುವ ಹಾಗೆ ಜೋಡಿಸಿಕೊಟ್ಟವನು ನಾನು.

ಲುವಾ ಅಕ್ಕನ ಕಂಪ್ಯೂಟರ್ ಇದ್ದದ್ದು ಮುಂದಿನ ಕೋಣೆಯಲ್ಲಿ, ಹಿರಿಯರ ಪೀಠದ ಕೆಳಗೆ, ಚಹಾ ಸಾಮಾನಿನ ಗಾಜಿನ ಬೀರುವಿನ ಪಕ್ಕ. ನಾನು ತೋರಿಸಿದೆ. ಈ ಸಿ ಮತ್ತು ಡಿ ನಿನ್ನ ಪೆಟ್ಟಿಗೆಯೊಳಗೇ ಇರುವಂಥವು. ಈ ಝಡ್ ಇಲ್ಲಿಲ್ಲ, ಇದ್ದ ಹಾಗೆ ಕಾಣುತ್ತದೆ ಅಷ್ಟೇ. ಇದರೊಳಗೆ ನೀನು ಏನು ಸೇವ್ ಮಾಡಿದರೂ ಆ ಕ್ಷಣವೇ ಅಂಗಡಿಯಲ್ಲೂ ಬದಲಾಗುತ್ತದೆ, ಉಯೆನ್ ಮನೆಯಲ್ಲೂ ಬದಲಾಗುತ್ತದೆ.

"ನನ್ನ ಮನೆ ಒಳಗೇ ಇದೆ, ಆದ್ರೂ ನಂದಲ್ಲ ಅಂತೀಯ," ಅಂದಳು.

"ಸೊಸೆಗೆ ಅತ್ತೆ ಮನೆ ಇದ್ದ ಹಾಗೆ, ಅಕ್ಕ."

ಅವಳಿಗೆ ನಗು ಬರಲಿಲ್ಲ. ಹಿಂದೆ ಮಂಚದ ಮೇಲೆ ಎಲೆ ಅಡಿಕೆ ಕುಟ್ಟುತ್ತಿದ್ದ ಅವಳ ಅತ್ತೆ ತಾಮ್ ಅಜ್ಜಿ ಮಾತ್ರ ಕಪ್ಪು ಹಲ್ಲು ಕಾಣುವಂತೆ ನಕ್ಕಳು.

ಝಡ್ ಒಳಗೆ ಮೂರು ಫೋಲ್ಡರ್. ಒಂದರ ಹೆಸರು ಲುವಾ, ಒಂದು ಉಯೆನ್, ಒಂದು ಬಟ್ಟೆ. ಮೂರು ಕಡೆಯ ಯಂತ್ರಗಳೂ ನ್ಯಾನ್ ಹೆಸರಿನಲ್ಲೇ ಒಳಹೋಗುವುದರಿಂದ ಯಾರು ಏನು ಮುಟ್ಟಿದರೂ ಮುಟ್ಟಿದ್ದು ನ್ಯಾನ್ ಅಂತಲೇ ಕಾಣುತ್ತಿತ್ತು. ಒಬ್ಬರ ಫೋಲ್ಡರನ್ನು ಇನ್ನೊಬ್ಬರು ತೆರೆಯಬಾರದು ಎಂದು ನ್ಯಾನ್ ಕಟ್ಟಪ್ಪಣೆ ಮಾಡಿದ್ದಳು. ಉಯೆನ್ ಎಂದೂ ತೆರೆಯಲಿಲ್ಲ. ಲುವಾ ಅಕ್ಕ ಬೆಳಗಿನ ಚಹಾ ಬಗ್ಗಿಸಿಕೊಂಡ ತಕ್ಷಣ ತೆರೆಯುತ್ತಿದ್ದಳು.

ನೋಡಿದಷ್ಟೂ ಅವಳ ಹೊಟ್ಟೆ ಉರಿಯಿತು. ಉಯೆನ್ ಫೋಲ್ಡರಿನಲ್ಲಿ ದಿನಕ್ಕೊಂದು ಹೊಸ ಮುಖ. ತನ್ನದರಲ್ಲಿ ವಾರಕ್ಕೊಂದು. ಗಿರಾಕಿಗಳು ಆ ಹುಡುಗಿಯೇ ಮಾಡಲಿ ಅನ್ನುತ್ತಾರೆ ಎಂದು ನ್ಯಾನ್ ಹೇಳಿದ್ದೂ ಆಯಿತು. ಆ ಹುಡುಗಿ ಮಾಡಿದ ಮುದುಕರೆಲ್ಲ ಹಸನ್ಮುಖಿಗಳು, ಕೆನ್ನೆ ತುಂಬಿಕೊಂಡವರು, ಜೀವಮಾನದಲ್ಲಿ ಯಾರಿಗೂ ಗದರದವರು. ಸತ್ತ ಅಪ್ಪ ಹಾಗೆ ನಗುತ್ತ ಕೂತಿದ್ದರೆ ಯಾವ ಮಗನಿಗೆ ಬೇಡ? ಲುವಾ ಅಕ್ಕನ ಪಾಲಿಗೆ ಬರುಬರುತ್ತ ಕೊರಳಪಟ್ಟಿ ಸರಿಮಾಡುವ, ಗುಂಡಿ ಕೂರಿಸುವ ಕೆಲಸ ಉಳಿಯಿತು. ಮುಖದಿಂದ ಬಟ್ಟೆಗೆ ಇಳಿಸಿದರು ನನ್ನನ್ನು ಎಂದು ಅವಳು ನನ್ನೆದುರು ಹಲ್ಲು ಕಡಿದಳು. ಆ ಹುಡುಗಿ ಕೆಟ್ಟವಳಾಗಿದ್ದರೂ ಬೈದು ಹಗುರಾಗಬಹುದಿತ್ತು. ಉಯೆನ್ ದಾರಿಯಲ್ಲಿ ಸಿಕ್ಕರೆ ಎರಡೂ ಕೈ ಮುಂದೆ ಕಟ್ಟಿ, ಅಕ್ಕ ಊಟ ಆಯ್ತಾ ಎಂದು ಕೇಳುತ್ತಿದ್ದಳು. ಅದು ಇನ್ನೂ ಉರಿ.

ಇಷ್ಟೇ ಆಗಿದ್ದರೆ ಇದು ಯಾವ ಅಂಗಡಿಯಲ್ಲೂ ನಡೆಯುವ ಕಥೆ. ಆದರೆ ತಾಮ್ ಅಜ್ಜಿಗೆ ತನ್ನ ಫೋಟೋ ಮಾಡಿಸಿಡುವ ಮನಸ್ಸಾಯಿತು.

ತೊಂಬತ್ತರ ಹತ್ತಿರದ ಮುದುಕಿ. ನಮ್ಮಲ್ಲಿ ವಯಸ್ಸಾದವರು ಪೀಠದ ಫೋಟೋವನ್ನು ಮೊದಲೇ ಮಾಡಿಸಿ, ಕೆಂಪು ಬಟ್ಟೆ ಸುತ್ತಿ ಬೀರುವಿನಲ್ಲಿ ಇಡುತ್ತಾರೆ. ಹಾಗೆ ಇಟ್ಟರೆ ಆಯುಸ್ಸು ಹೆಚ್ಚುತ್ತದೆ ಅನ್ನುತ್ತಾರೆ ನಮ್ಮ ಓಣಿಯವರು. ಅದನ್ನು ಯಾರೂ ಮಾಡಬಹುದು, ಸೊಸೆ ಒಬ್ಬಳನ್ನು ಬಿಟ್ಟು. ಬದುಕಿರುವ ಅತ್ತೆಯ ಪೀಠದ ಫೋಟೋಕ್ಕೆ ಸೊಸೆ ಕೈ ಹಾಕಿದಳೆಂದರೆ, ಮುದುಕಿಯನ್ನು ಪೀಠಕ್ಕೆ ಹತ್ತಿಸಲು ಅವಸರ ಮಾಡುತ್ತಿದ್ದಾಳೆ ಎಂದು ಓಣಿಯ ನಾಲಿಗೆಗಳು ಸುಮ್ಮನಿರುವುದಿಲ್ಲ. ಹಾಗಾಗಿ ಲುವಾ ಅಕ್ಕ ಬಾಯಿಬಿಟ್ಟು ಕೇಳುವಂತಿರಲಿಲ್ಲ. ಆದರೆ ಒಳಗೊಳಗೇ ಆಸೆ ಇಟ್ಟುಕೊಂಡಿದ್ದಳು. ಮುದುಕಿ ಹೇಗೂ ನ್ಯಾನ್ ಅಂಗಡಿಗೇ ಹೋಗುತ್ತಾಳೆ, ನ್ಯಾನ್ ಅದನ್ನು ಸದ್ದಿಲ್ಲದೆ ತನ್ನ ಫೋಲ್ಡರಿಗೆ ಹಾಕುತ್ತಾಳೆ, ಯಾರಿಗೂ ತಿಳಿಯದಂತೆ ಅತ್ತೆಯ ಮುಖ ತನ್ನ ಕೈಯಿಂದಲೇ ಆಗುತ್ತದೆ ಎಂದು. ಅವಳು ಹಿರಿಯ ಮಗನ ಹೆಂಡತಿ. ಅತ್ತೆ ಹೋದಮೇಲೆ ಬೆಳಿಗ್ಗೆ ಸಂಜೆ ಆ ಚಿತ್ರದ ಎದುರು ಊದುಬತ್ತಿ ಹಚ್ಚಬೇಕಾದವಳು, ತನ್ನ ಉಸಿರಿರುವವರೆಗೂ.

ಒಂದು ಬೆಳಿಗ್ಗೆ ಚಹಾ ಬಗ್ಗಿಸಿಕೊಂಡು ಉಯೆನ್ ಫೋಲ್ಡರ್ ತೆರೆದಳು. ಅಲ್ಲಿ ತನ್ನ ಅತ್ತೆ ಕೂತಿದ್ದಳು.

ಚಹಾ ಹಾಗೇ ಬಿಟ್ಟು ಅಂಗಡಿಗೆ ಓಡಿದಳು. ಬೇರೇನೋ ನೆವ ಹೇಳಿ, ಮಾತು ಸುತ್ತಿ ಬಳಸಿ, ನ್ಯಾನ್ ಬಾಯಿ ಬಿಡಿಸಿದಳು. ನ್ಯಾನ್‌ಗೂ ಬಾಯಿ ನಿಲ್ಲುವುದಿಲ್ಲ. ಓಣಿಯವರ ಬಾಯಿಗೆ ಹೆದರಿ ಅಜ್ಜಿ ಬೇರೆಯವರ ಹತ್ತಿರ ಮಾಡಿಸುತ್ತಿದ್ದಾಳೆ ಅಂತ ತಿಳಿದುಕೋ ಎಂದು ಮೊದಲು ಸಮಾಧಾನ ಮಾಡಿದಳು. ಆಮೇಲೆ, ನನ್ನ ಹೆಸರು ಹೇಳಬೇಡ ಎಂದು, ಅಜ್ಜಿ ನಿಜವಾಗಿ ಹೇಳಿದ ಮಾತನ್ನು ಹೇಳಿಯೇಬಿಟ್ಟಳು.

"ನನ್ ಸೊಸೆಗೆ ಕೊಡ್ಬೇಡ. ಅವಳು ಮದ್ವೆಯಾಗಿ ಬಂದಾಗಿಂದ ತಲೆ ತಗ್ಗಿಸ್ಕೊಂಡೇ ಓಡಾಡ್ತಾಳೆ. ಒಂದಿನ ನನ್ನ ಮುಖ ಎತ್ತಿ ನೋಡಿದವಳಲ್ಲ. ನಾನು ಹೇಗಿದೀನಿ ಅಂತ ಅವಳಿಗೇನು ಗೊತ್ತು?"

ಅದನ್ನು ಲುವಾ ಅಕ್ಕ ನನಗೆ ಹೇಳುವಾಗ ನಾನು ಅವಳ ಮೌಸಿನ ತಂತಿ ಬೆಸೆಯುತ್ತಿದ್ದೆ. ಅವಳ ಮುಖ ಕೆಂಪಗಾಗಿತ್ತು. ಉಯೆನ್ ಮೇಲೆ ಇದ್ದ ಉರಿ ಈಗ ನೆತ್ತಿಗೇರಿತ್ತು. ಗಿರಾಕಿಗಳನ್ನು ಕಿತ್ತುಕೊಂಡಳು, ಹೋಗಲಿ. ಈಗ ಅತ್ತೆಯನ್ನೂ ಕಿತ್ತುಕೊಂಡಳು. ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆದವಳಿಗೆ ಗೊತ್ತಂತೆ, ಅನ್ನ ಬೇಯಿಸಿ ಹಾಕಿದವಳಿಗೆ ಗೊತ್ತಿಲ್ಲವಂತೆ.

"ತಲೆ ತಗ್ಗಿಸು ಅಂತ ಕಲಿಸಿದ್ದು ಯಾರು ತಮ್ಮ? ಅವರೇ. ಈಗ ತಗ್ಗಿಸಿದ್ದೇ ತಪ್ಪಾಯ್ತು."

ಆಮೇಲೆ ಅವಳು ಗಾಜಿನ ಬೀರುವಿನ ಕಡೆ ಕೈ ತೋರಿಸಿದಳು. ತಟ್ಟೆ ಹಿಡಿದು ಬಗ್ಗಿ ಬರುವಾಗ, ನೆಲ ಒರೆಸುವಾಗ, ಇದೇ ಕಂಪ್ಯೂಟರಿನ ಮುಂದೆ ಕೂತಾಗ, ಅತ್ತೆಯ ಮುಖ ಆ ಗಾಜಿನಲ್ಲಿ ಕಾಣುತ್ತದೆ. ದಿನವೂ ನೋಡಿದ್ದಾಳೆ. ಬೇರೆ ಯಾರಿಗೂ ಗೊತ್ತಿಲ್ಲದಷ್ಟು ನೋಡಿದ್ದಾಳೆ. ಎಡಗಣ್ಣಿನ ರೆಪ್ಪೆ ಬಲಗಣ್ಣಿನದಕ್ಕಿಂತ ತುಸು ಜೋಲು. ಅಡಿಕೆ ಒತ್ತರಿಸಿಕೊಂಡು ಬಲಗೆನ್ನೆ ಮಾತ್ರ ಸವೆದಿದೆ. ಕಪ್ಪು ಹಲ್ಲು ಕಾಣದಿರಲೆಂದು ಮೇಲ್ದುಟಿಯನ್ನು ಒಳಕ್ಕೆ ಎಳೆದುಕೊಳ್ಳುತ್ತಾಳೆ. ಎದುರಿಗಿದ್ದವರು ಸುಳ್ಳು ಹೇಳುತ್ತಿದ್ದರೆ ನಡುವೆ ಬಾಯಿ ಹಾಕುವುದಿಲ್ಲ, ಹೇಳಿ ಮುಗಿಸಲಿ ಎಂದು ನೋಡುತ್ತ ಕಾಯುತ್ತಾಳೆ.

ಝಡ್ ತೆರೆದು ನನಗೂ ತೋರಿಸಿದಳು. ಉಯೆನ್ ಮಾಡಿದ ತಾಮ್ ಅಜ್ಜಿ ಚೆನ್ನಾಗಿಯೇ ಇದ್ದಳು. ಎರಡು ಕಣ್ಣೂ ಸಮ, ಎರಡು ಕೆನ್ನೆಯೂ ಸಮ, ತುಟಿಯಂಚಿನಲ್ಲಿ ಸಣ್ಣ ನಗೆ. ಯಾರದೋ ಒಳ್ಳೆಯ ಅಜ್ಜಿ.

"ನನ್ನ ಕಡೆ ಒಂದಿನ ಹೀಗೆ ನಕ್ಕಿದ್ರೆ ಕೇಳು," ಅಂದಳು ಲುವಾ ಅಕ್ಕ. ಆ ನಗುವಿನ ಮೇಲೂ ಅವಳಿಗೆ ಹೊಟ್ಟೆಕಿಚ್ಚು.

ಮೊದಲ ದಿನ ಅವಳು ಎಡಗಣ್ಣಿನ ರೆಪ್ಪೆಯೊಂದನ್ನೇ ತುಸು ಇಳಿಸಿ ಸೇವ್ ಮಾಡಿದಳು. ಮರುದಿನ ನೋಡಿದರೆ ರೆಪ್ಪೆ ಮತ್ತೆ ಮೇಲೆ ಹೋಗಿತ್ತು. ಉಯೆನ್ ತನ್ನದೇ ಕೈತಪ್ಪು ಎಂದುಕೊಂಡು ಸರಿಮಾಡಿದ್ದಳು ಅಂತ ಕಾಣುತ್ತದೆ. ಅಕ್ಕ ಮತ್ತೆ ಇಳಿಸಿದಳು. ಅದು ಮತ್ತೆ ಏರಿತು. ಪೇಟೆಯ ಎರಡು ತುದಿಯಲ್ಲಿ ಇಬ್ಬರು ಹೆಂಗಸರು ತುಟಿ ಪಿಟಕ್ಕೆನ್ನದೆ ಒಂದು ಮುದುಕಿಯ ಕಣ್ಣಿಗಾಗಿ ಜಗ್ಗಾಡಿದರು. ಮುದುಕಿಯೋ ಹಿಂದೆ ಮಂಚದ ಮೇಲೆ ಅಡಿಕೆ ಕುಟ್ಟುತ್ತ ಕೂತಿದ್ದಳು. ಕಂಪ್ಯೂಟರಿನ ಪರದೆಯನ್ನು ಅಕ್ಕ ಅವಳಿಗೆ ಕಾಣದಂತೆ ತಿರುಗಿಸಿಟ್ಟಿದ್ದಳು.

ನಾನು ಬುದ್ಧಿ ಹೇಳಿದೆ. ಮಾಡುವುದಿದ್ದರೆ ಅದನ್ನು ನಿನ್ನ ಡಿ ಡ್ರೈವಿಗೆ ಎಳೆದುಕೊಂಡು ಮಾಡು, ಅದು ನಿನ್ನದಾಗಿ ಉಳಿಯುತ್ತದೆ. ಅವಳ ಫೋಲ್ಡರಿನಲ್ಲಿ ಕೂತು ಮಾಡಿದ್ದೆಲ್ಲ ಅವಳ ಲೆಕ್ಕಕ್ಕೆ ಹೋಗುತ್ತದೆ.

ಅಕ್ಕ ಅದನ್ನೂ ಯೋಚಿಸಿದ್ದಳು. ಡಿಯಲ್ಲಿಟ್ಟರೆ ಯಾರು ನೋಡುತ್ತಾರೆ? ತಾನಾಗಿ ತೋರಿಸಿದರೆ ಓಣಿಯವರ ಬಾಯಿಗೆ ಬೀಳಬೇಕು. ಅದೇ ಉಯೆನ್ ಫೋಲ್ಡರಿನಿಂದ ಅಚ್ಚಾಗಿ ಹೊರಬರಲಿ. ಅತ್ತೆ ನೋಡಲಿ, ಇದು ನಾನೇ ಅನ್ನಲಿ. ಆಗ ಆ ಹುಡುಗಿ ನಾನು ಮಾಡಿದ್ದಲ್ಲ ಅಂದೇ ಅನ್ನುತ್ತಾಳೆ.

"ಅವಳು ಸುಳ್ಳು ಹೇಳೋಳಲ್ಲ. ಅದೊಂದು ಒಳ್ಳೇ ಗುಣ ಇದೆ ಅವಳಿಗೆ, ಹಾಳಾದ್ದು. ಅವಳಲ್ಲ ಅಂದ್ಮೇಲೆ ಇನ್ಯಾರು ಅಂತ ಎಲ್ರೂ ನನ್ನ ಕಡೆ ತಿರುಗ್ತಾರೆ. ನಾನು ಬಾಯಿ ಬಿಡ್ಬೇಕಾಗೇ ಇಲ್ಲ. ಓಣಿಯವರು ಏನಾದ್ರೂ ಅಂದ್ಕೊಳ್ಳಲಿ, ಅತ್ತೆಗೆ ಗೊತ್ತಾದ್ರೆ ಸಾಕು."

ಕಾಲ ಕೂಡಿಬಂತು. ಉಯೆನ್ ತಮ್ಮನ ಮದುವೆಗೆಂದು ಊರಿಗೆ ಹೊರಟಳು. ಹೊರಡುವ ಮೊದಲು ಅಜ್ಜಿಯ ಮುಖ ಮುಗಿದಿದೆ, ಅಚ್ಚು ಹಾಕಬಹುದು ಎಂದು ನ್ಯಾನ್‌ಗೆ ಹೇಳಿ ಹೋದಳು. ಆ ಇಡೀ ದಿನ ಲುವಾ ಅಕ್ಕ ಒಲೆ ಹಚ್ಚಲಿಲ್ಲ, ಮನೆಯವರಿಗೆಲ್ಲ ಬೀದಿಯಿಂದ ಶಾವಿಗೆ ಸಾರು ತರಿಸಿದಳು. ಉಯೆನ್ ಹಾಕಿದ್ದ ನಗುವನ್ನು ಒರೆಸಿದಳು. ಕೆನ್ನೆಯನ್ನು ಸವೆಸಿದಳು. ತುಟಿಯನ್ನು ಒಳಕ್ಕೆ ಎಳೆದಳು. ಕಣ್ಣಿಗೆ ಕಾಯುವ ನೋಟ ಕೊಟ್ಟಳು. ನಡುನಡುವೆ ಗಾಜಿನ ಬೀರುವಿನತ್ತ ಕಣ್ಣು ಹಾಯಿಸುತ್ತಿದ್ದಳು. ಅಂಗಿಯನ್ನು ಮಾತ್ರ ಉಯೆನ್ ಕೂರಿಸಿದ ಹಾಗೆಯೇ ಬಿಟ್ಟಳು. ಆಮೇಲೆ ಸೇವ್ ಒತ್ತಿದಳು. ನ್ಯಾನ್ ಮರುದಿನ ಅದನ್ನೇ ಅಚ್ಚಿಗೆ ಹಾಕಿದಳು.

ಚೌಕಟ್ಟು ಹಾಕಿದ ಫೋಟೋವನ್ನು ನನ್ನ ಬೈಕಿನ ಹಿಂದೆ ಕಟ್ಟಿ ತಂದವನು ನಾನೇ. ತಾಮ್ ಅಜ್ಜಿ ಓಣಿಗೆಲ್ಲ ಹಿರಿಯಳು ಎಂಬ ಗೌರವಕ್ಕೆ ನ್ಯಾನ್ ಬಂದಳು, ಊರಿನಿಂದ ಆಗತಾನೆ ಬಂದಿದ್ದ ಉಯೆನ್‌ಳನ್ನೂ ಕರೆತಂದಳು. ಅಜ್ಜಿಯ ಹಿರಿಯ ಮಗ, ಅಕ್ಕನ ಗಂಡ ಖಾಯ್ ಅಂದು ಲಾರಿ ಕೆಲಸಕ್ಕೆ ಹೋಗಿರಲಿಲ್ಲ. ಅಕ್ಕಪಕ್ಕದವರೂ ಬಂದು ಕೂತರು. ಅಕ್ಕ ಎಲ್ಲರಿಗೂ ಚಹಾ ಕೊಟ್ಟು, ತಟ್ಟೆ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಳು.

ಖಾಯ್ ಕೆಂಪು ಬಟ್ಟೆ ಬಿಚ್ಚಿದ. ಎಲ್ಲರೂ ಮುಂದಕ್ಕೆ ಬಗ್ಗಿ ನೋಡಿದರು. ಆಮೇಲೆ ಖಾಯ್ ತಲೆ ಕೆರೆದುಕೊಂಡು, ಚಿಕ್ಕವನಿದ್ದಾಗ ಶಾಲೆ ತಪ್ಪಿಸಿ ಕಾಲುವೆಯಲ್ಲಿ ಈಜಿ ಬಂದು ಸುಳ್ಳು ಹೇಳುವಾಗ ಅಮ್ಮ ಹೀಗೇ ನೋಡುತ್ತಿದ್ದಳು, ಈಗಲೂ ಬೆನ್ನು ನಡುಗಿತು ಅಂದ. ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಚೌಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಚಿತ್ರದ ಎಡಗಣ್ಣಿನ ರೆಪ್ಪೆಯನ್ನು ಬೆರಳಲ್ಲಿ ಮುಟ್ಟಿದಳು. ಆಮೇಲೆ ತನ್ನ ರೆಪ್ಪೆಯನ್ನು ಮುಟ್ಟಿಕೊಂಡಳು.

"ಇದು ನಾನೇ," ಅಂದಳು. "ಉಯೆನ್, ಬಾ ಇಲ್ಲಿ ಮಗಾ."

ಉಯೆನ್ ಹತ್ತಿರ ಬಂದು ಆ ಚಿತ್ರವನ್ನು ಮೊದಲ ಸಲ ನೋಡಿದಳು. ಅವಳ ಮುಖದ ಬಣ್ಣ ಬದಲಾಯಿತು. ಅವಳು ಒಳ್ಳೆಯ ಕೆಲಸಗಾರ್ತಿ, ಯಾರೋ ತನಗಿಂತ ಚೆನ್ನಾಗಿ ಮಾಡಿದ್ದಾರೆ ಎಂದು ನೋಡಿದ ಕೂಡಲೇ ತಿಳಿಯಿತು.

"ಅಜ್ಜಿ, ಅಂಗಿ ಕೂರಿಸಿದ್ದು ನಾನು. ಈ ಮುಖ ನಾನು ಮಾಡಿದ್ದಲ್ಲ."

ಬಾಗಿಲಲ್ಲಿ ಲುವಾ ಅಕ್ಕ ತಲೆ ಎತ್ತಿದಳು. ಅವಳು ಅಂದುಕೊಂಡಂತೆಯೇ ಒಂದೊಂದು ಮಾತೂ ಬಂದಿತ್ತು.

ಆದರೆ ಅವಳು ಒಂದನ್ನು ಮರೆತಿದ್ದಳು, ಇದೇ ಪೇಟೆಯಲ್ಲಿ ಹುಟ್ಟಿ ಬೆಳೆದೂ ಮರೆತಿದ್ದಳು. ಹೊಗಳಿದರೆ ಹೌದು ಅನ್ನುವವರು ನಮ್ಮಲ್ಲಿ ಯಾರೂ ಇಲ್ಲ. ಸಾರು ಚೆನ್ನಾಗಿದೆ ಅಂದರೆ ಮೂಳೆ ಚೆನ್ನಾಗಿತ್ತು ಅನ್ನುತ್ತಾರೆ. ಮಗ ಜಾಣ ಅಂದರೆ ಮೇಷ್ಟರ ಪುಣ್ಯ ಅನ್ನುತ್ತಾರೆ. ನಾನು ಮಾಡಿದ್ದಲ್ಲ ಅನ್ನುವುದು ಇಲ್ಲಿ ಮನೆಮಾತು, ಚೆನ್ನಾಗಿ ಬೆಳೆದ ಹೆಣ್ಣುಮಕ್ಕಳ ಲಕ್ಷಣ. ಕೋಣೆಯಲ್ಲಿದ್ದವರೆಲ್ಲ ಮೆಚ್ಚಿ ತಲೆದೂಗಿದರು. ಎಂಥ ವಿನಯ ನೋಡು ಎಂದು ಪಕ್ಕದ ಮನೆಯವಳು ತನ್ನ ಮಗಳನ್ನು ತಿವಿದಳು.

ಉಯೆನ್ ನಿಜವಾಗಿಯೂ ನಾನಲ್ಲ ಎಂದು ಮತ್ತೆ ಹೇಳಿದಳು. ಹೇಳಿದಷ್ಟೂ ವಿನಯ ಹೆಚ್ಚಾಯಿತು. ಸಾಕು ಬಿಡೇ, ನಿನ್ನ ಫೋಲ್ಡರಿನಿಂದ ನಾನೇ ತೆಗೆದು ಅಚ್ಚು ಹಾಕಿದ್ದು ಎಂದು ನ್ಯಾನ್ ಬೆನ್ನು ತಟ್ಟಿದಳು. ಆಗ ಉಯೆನ್ ಸುತ್ತ ನೋಡಿದಳು. ನೋಡುತ್ತ ನೋಡುತ್ತ ಅವಳ ಕಣ್ಣು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿತು.

ಲುವಾ ಅಕ್ಕ ಆಗ ಬಾಯಿ ತೆರೆದಿದ್ದರೆ ಮುಗಿಯುತ್ತಿತ್ತು. ನಾನು ಅಂತ ಒಂದೇ ಮಾತು. ಆದರೆ ಅದನ್ನು ಹೇಳಿದರೆ ಇನ್ನೊಬ್ಬರ ಫೋಲ್ಡರಿಗೆ ಕೈ ಹಾಕಿದ್ದನ್ನು ಹೇಳಬೇಕು. ಜೀವಂತ ಕೂತ ಅತ್ತೆಗೆ ಪೀಠದ ಮುಖ ಮಾಡಿದ್ದನ್ನು ಓಣಿಯವರ ಎದುರಿಗೇ ಹೇಳಬೇಕು. ಏನಾದರೂ ಅಂದುಕೊಳ್ಳಲಿ ಅಂದವಳಿಗೆ ಅವರನ್ನೆಲ್ಲ ಒಟ್ಟಿಗೆ ಕಂಡಾಗ ಆ ಧೈರ್ಯ ಉಳಿಯಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆ ಹುಡುಗಿಯ ಕಣ್ಣಿನಲ್ಲಿ ಹೇಳಲಾ ಎಂಬ ಪ್ರಶ್ನೆ ಇತ್ತು. ತನ್ನ ಅತ್ತೆಯನ್ನು ಅವಳ ಕೈಯಿಂದ ಭಿಕ್ಷೆಯಾಗಿ ಪಡೆಯುವುದು ಲುವಾ ಅಕ್ಕನಿಂದ ಆಗಲಿಲ್ಲ. ಅವಳು ತಲೆ ತಗ್ಗಿಸಿದಳು.

ಅಜ್ಜಿ ಉಯೆನ್‌ಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ತನ್ನ ಡಬ್ಬಿಯಿಂದ ಅವಳಿಗೊಂದು ಎಲೆ ಮಡಿಸಿಕೊಟ್ಟಳು. ನಾಳೆ ಈ ಹುಡುಗಿಯ ಮನೆಗೆ ಕೆಂಪು ಅಂಟಕ್ಕಿ ಅನ್ನ, ಒಂದು ಇಡೀ ಕೋಳಿ ಹೋಗಬೇಕು ಎಂದು ಸೊಸೆಗೆ ಅಪ್ಪಣೆಯಾಯಿತು. ಸೊಸೆಯೇ ಒಯ್ದು ಕೊಡಬೇಕು, ಬೇರೆಯವರ ಕೈಯಲ್ಲಿ ಕಳಿಸಿದರೆ ಮರ್ಯಾದೆಯಲ್ಲ.

ಒಬ್ಬೊಬ್ಬರೇ ಎದ್ದು ಹೋದರು. ಹೋಗುವಾಗ ಉಯೆನ್ ಬಾಗಿಲ ಬಳಿ ಒಂದು ಕ್ಷಣ ನಿಂತು, ಅಡಿಗೆಮನೆಯ ಕಡೆ ನೋಡಿ, ಚಪ್ಪಲಿ ಮೆಟ್ಟಿಕೊಂಡಳು. ನಾನು ಚಹಾ ಮುಗಿಸುತ್ತ ಉಳಿದಿದ್ದೆ. ಅಜ್ಜಿ ಫೋಟೋ ಎತ್ತಿ ಹಿಡಿ ಎಂದು ಸೊಸೆಗೆ ಹೇಳಿದಳು. ಅಕ್ಕ ಚೌಕಟ್ಟನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಳು. ಅಜ್ಜಿ ಅದನ್ನು ನೋಡಿದಳು, ಮೇಲೆ ಸೊಸೆಯ ಬಗ್ಗಿದ ತಲೆಯನ್ನೂ ನೋಡಿದಳು.

"ಆ ಹುಡುಗಿ ಒಂದೇ ಸಲ ನೋಡಿದ್ದು ನನ್ನ," ಅಂದಳು. "ನೀನೂ ನೋಡ್ಕೊ ಸರಿಯಾಗಿ. ನಾಳೆ ನಾನು ಹೋದ್ಮೇಲೆ ದಿನಾ ಊದುಬತ್ತಿ ಹಚ್ಚೋಳು ನೀನು. ಆಗ್ಲಾದ್ರೂ ಗೊತ್ತಾಗ್ಲಿ ನಿನ್ನತ್ತೆ ಮುಖ ಹೇಗಿತ್ತು ಅಂತ."

"ಆಗ್ಲಿ ಅಮ್ಮ," ಅಂದಳು ಲುವಾ ಅಕ್ಕ.

ಫೋಟೋಕ್ಕೆ ಕೆಂಪು ಬಟ್ಟೆ ಸುತ್ತಿ ಬೀರುವಿನಲ್ಲಿಟ್ಟಳು. ನನ್ನ ಕಡೆ ನೋಡಲಿಲ್ಲ. ಉಯೆನ್ ಮನೆಗೆ ಒಯ್ಯುವ ಅಂಟಕ್ಕಿಯನ್ನು ನೆನೆಹಾಕಲು ಒಳಗೆ ಹೋದಳು.